ಚೀಟಿ ಬರೆಯುವ ಮೊದಲು

ತೋರಾ ಎಂಗೆಬ್ರೆಟ್ಸನ್ ಮೊಟ್ಟೆಯ ರಟ್ಟಿನಲ್ಲಿ ತಂದಳು:
ಹನ್ನೆರಡು ಗುಳಿ, ಹನ್ನೊಂದು ಗಂಟು,
ಮಿಕ್ಕ ಗುಳಿಯಲ್ಲಿ ನಿಜವಾದ ಮೊಟ್ಟೆ.
‘ಅದು ನಿನ್ನ ತಿಂಡಿಗೆ’ ಎಂದಳು.
ಇಪ್ಪತ್ತೆಂಟು ವರ್ಷ ಸ್ಟೌಟನ್ನಿನ ಶಾಲೆಯ
ಹಳದಿ ಬಸ್ಸು ಓಡಿಸಿದವಳು;
ಯಾವ ಮಗು ಯಾವ ಬಾಗಿಲಿಂದ ಬರುತ್ತದೆಂದು
ಕಣ್ಣು ಮುಚ್ಚಿ ಹೇಳಬಲ್ಲವಳು.
ಈಗ ಯಾಹಾರಾ ಹೊಳೆಯಂಚಿಗೆ, ಮೊಣಕಾಲುದ್ದ ಹಿಮದಲ್ಲಿ,
ವಿಲ್ಲೋಗಳ ಬಾಗಿಲು ತಟ್ಟುತ್ತಾಳೆ.

ನಮ್ಮ ನೀರವಂಜಿಯ ದೂರದ ದಾಯಾದಿ ಈ ಗಿಡ.
ಕೊಂಬೆಯ ತುದಿಗೊಂದು ಪೈನ್‌ಕಾಯಿ.
ಪೈನ್ ಅಲ್ಲ. ಕಾಯಿಯೂ ಅಲ್ಲ,
ಬಾಣಂತಿಮದ್ದಿಗೆ ತೇಯುವ ಮಾಚಿಕಾಯಿ
ಕಾಯಲ್ಲದ ಹಾಗೆ.
ಉದ್ದ ಬೆಳೆಯಬೇಕಿದ್ದ ಚಿಗುರು
ಎಲೆಯ ಮೇಲೆ ಎಲೆ ಹೊದ್ದು ಅಲ್ಲೇ ಕೂತಿದೆ,
ಎಳ್ಳಿಗಿಂತ ದೊಡ್ಡ, ಅಕ್ಕಿಗಿಂತ ಚಿಕ್ಕ
ಕಿತ್ತಳೆ ಹುಳುವೊಂದು
ಗಿಡದ ಕಿವಿಯಲ್ಲಿ ಏನೋ ಅಂದದ್ದಕ್ಕೆ.
ಏನು ಅಂದಿತು ಎಂಬುದು
ನನ್ನ ಸಂಬಳದೊಳಗೆ ಬರುವುದಿಲ್ಲ.
ಅಂದದ್ದು ಯಾರು, ಅಷ್ಟೇ ನಾನು ಬರೆಯಬೇಕಾದ್ದು.

ಹನ್ನೊಂದು ಶೀಶೆ, ಬಾಯಿಗೆ ಹಳೆಯ ಕಾಲುಚೀಲದ ಬಟ್ಟೆ,
ಕಿಟಕಿಯ ಬಿಸಿಲಿಗೆ.
ಮೊದಲನೆಯದರಿಂದ ಬಂದದ್ದು ಕಣಜ.
ಎರಡನೆಯದರಿಂದಲೂ ಕಣಜ:
ಮನೆಯೊಡೆಯನನ್ನು ತಿಂದು
ಅವನ ಹಾಸಿಗೆಯಲ್ಲೇ ಚಳಿಗಾಲ ಕಳೆದದ್ದು.
ಐದರಲ್ಲಿ ಮಿಡತೆಯ ಮರಿ;
ಎಲೆಸಂದಿಯಲ್ಲಿ ತಾಯಿ ಮೊಟ್ಟೆಯಿಟ್ಟು ಹೋಗಿದ್ದಳು,
ಬಾಡಿಗೆಯಿಲ್ಲ, ಕರಾರಿಲ್ಲ.
ಅತ್ತಿಹಣ್ಣು ಬಿಚ್ಚಿ ನೋಡಬೇಡ ಎನ್ನುತ್ತಿದ್ದರು ನಮ್ಮ ಕಡೆ.
ಇಲ್ಲಿ ಬಿಚ್ಚುವುದೇ ಹೊಟ್ಟೆಪಾಡು.

ಏಳನೆಯದರಲ್ಲಿ, ಮಂಗಳವಾರ, ನೊರಜು.
ಉಸಿರು ಬಿಟ್ಟರೆ ಕಳೆದುಹೋಗುವಷ್ಟು.
ಅದರ ರೆಕ್ಕೆಯ ಆಯಸ್ಸು ಎರಡು ದಿನ,
ಅದಕ್ಕೆ ಹೆಸರಿಡಲು ನನಗೆ ಹನ್ನೊಂದು ವಾರ.

ಲವಂಗದೆಣ್ಣೆಯಲ್ಲಿ ನೆನೆಸುತ್ತೇನೆ, ಮೈ ತಿಳಿಯಾಗಲಿ ಎಂದು.
ಪ್ರಯೋಗಶಾಲೆಗೆಲ್ಲ ನನ್ನ ಏಳನೆಯ ವಯಸ್ಸಿನ
ಹಲ್ಲುನೋವಿನ ವಾಸನೆ.
ಮೀಸೆಯ ಮಣಿ ಎಣಿಸುತ್ತೇನೆ: ಹದಿನಾರು. ಮತ್ತೆ ಎಣಿಸಿದರೆ ಹದಿನೇಳು.
ಮರಿಹುಳುವಿನ ಎದೆಯಲ್ಲಿ ಕವಲೊಡೆದ ಪುಟ್ಟ ಸಲಿಕೆ,
ಅದರ ಚಿತ್ರ ಬರೆಯುತ್ತೇನೆ, ಅಳಿಸುತ್ತೇನೆ.

ಹಿಂದಿನವರಿಗೆ ಸುಲಭವಿತ್ತು. ಮನೆ ನೋಡಿ ಹೆಸರಿಟ್ಟರು:
ಪೈನ್‌ಕಾಯಿಯವನು, ಗುಲಾಬಿಯವನು,
ಕೊಕ್ಕಿನವನು, ಆಲೂಗಡ್ಡೆಯವನು.
ನಮ್ಮಲ್ಲೂ ಹಾಗೇ ತಾನೆ,
ಮೂಲೆಮನೆ, ಮೇಲಿನಮನೆ, ಬಾವಿಕಟ್ಟೆಯವರು.
ಬಾವಿ ಮುಚ್ಚಿ ಮೂವತ್ತು ವರ್ಷವಾದರೂ ಬಾವಿಕಟ್ಟೆಯವರೇ.

ಆದರೆ ಮೋರಿಯ ಬಳಿಯ ಬಾಗಿದ ವಿಲ್ಲೋ, ಅದರ ಜಾತಿ ಬೇರೆ,
ಅದರ ಗಂಟು ಸಡಿಲ, ಅರಳಿದ ಗುಲಾಬಿಯಂತೆ,
ಒಳಗೆ ಅದೇ ಸಲಿಕೆ, ಅದೇ ಮಣಿಸರ.
ಒಬ್ಬನೇ ಎರಡು ಮನೆ ಕಟ್ಟಿದನೆ?
ಕಟ್ಟಿದ್ದು ಹುಳುವೋ, ಮರವೋ?
ಇಬ್ಬರಿದ್ದರೆ, ಎಲ್ಲಿ ಕವಲೊಡೆದರು?

ತೋರಾ ಕೈಗವಸು ಕಳಚುತ್ತ ಅಂದಳು:
‘ನಾನೂ ಅಕ್ಕನೂ ಒಂದೇ ಅಮ್ಮನಿಂದ ರೊಟ್ಟಿ ಕಲಿತೆವು.
ಅವಳದು ಉಬ್ಬುತ್ತದೆ. ನನ್ನದು ಚಪ್ಪಟೆ.
ಒಲೆ ಬೇರೆ, ಅಷ್ಟೇ.’

ಒಪ್ಪಿಬಿಡುತ್ತಿದ್ದೆ.
ಆದರೆ ಮೋರಿಯ ಐದರಲ್ಲಿ ಮೂರಕ್ಕೆ
ಕೊನೆಯ ಮಣಿಯಲ್ಲಿ ಒಂದು ಕೂದಲು ಹೆಚ್ಚು.
ಒಂದು ಕೂದಲಿಗೆ ಮನೆ ಒಡೆಯಲೆ?
ಕೂದಲೆಳೆಯಷ್ಟಕ್ಕೆ ಮನೆ ಒಡೆದದ್ದು ನೋಡಿದ್ದೇನೆ,
ಮನುಷ್ಯರಲ್ಲಿ. ಅಲ್ಲಿ ಸೂಕ್ಷ್ಮದರ್ಶಕವೂ ಇರಲಿಲ್ಲ.

ಚೀಟಿ ಬರೆದೆ, ಪೆನ್ಸಿಲಿನಲ್ಲಿ.
ಊರು. ತಾರೀಖು. ಯಾವ ಮರ. ತಂದವರು.
ಹೆಸರಿನ ಜಾಗದಲ್ಲಿ ಒಂದು ಪ್ರಶ್ನೆಚಿಹ್ನೆ,
ಹುಳುವೇ ಮುದುಡಿ ಮಲಗಿದ ಹಾಗೆ.

ಬೇಸಿಗೆಯೊಳಗೆ ಮೋರಿಯ ಮರ ಹೋಗುತ್ತದಂತೆ, ರಸ್ತೆ ಅಗಲವಾಗಲು.
‘ಇನ್ನಷ್ಟು ರಟ್ಟು ತರುತ್ತೇನೆ’ ಎಂದು ಎದ್ದಳು ತೋರಾ,
ಬಾಗಿಲಲ್ಲಿ ತಿರುಗಿ ಕೇಳಿದಳು,
‘ಆ ಮೊಟ್ಟೆ ಬೇಯಿಸಿಕೊಂಡೆಯಾ?’

ಇಲ್ಲ. ಮರೆತಿದ್ದೆ.
ಫ್ರಿಜ್ಜಿನಲ್ಲಿ, ಸೀಸೆಗಳ ಹಿಂದೆ,
ಚೀಟಿಯಿಲ್ಲದೆ ಇದ್ದದ್ದು
ಅದೊಂದೇ.